ಹಡಗು, ಡಾಲರ್, ಈರುಳ್ಳಿ: ಮಾಲ್ಡೀವ್ಸ್ ಆಹಾರ ಮಾರುಕಟ್ಟೆಯ ಒಂದು ಪ್ರಕರಣ

2024ರ ಜನವರಿ. ಮಾಲ್ಡೀವ್ಸ್ ಅಧ್ಯಕ್ಷ ಮೊಹಮ್ಮದ್ ಮುಯಿಝು ಚೀನಾ ಪ್ರವಾಸ ಮುಗಿಸಿ ರಾಜಧಾನಿ ಮಾಲೆಗೆ ವಾಪಸಾದರು. ಊಟದ ಸಾಮಾನಿಗೆ ಒಂದೇ ದೇಶವನ್ನು ನೆಚ್ಚಿಕೊಂಡು ಕೂತದ್ದು ಸಾಕು, ಮುಖ್ಯ ಆಹಾರ ಪದಾರ್ಥಗಳನ್ನು ಟರ್ಕಿಯಿಂದ ತರಿಸುತ್ತೇವೆ ಎಂದು ಘೋಷಿಸಿದರು. ಆ ಒಂದೇ ದೇಶ ಭಾರತ ಅನ್ನೋದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ಅವರು ಅಧಿಕಾರಕ್ಕೆ ಬಂದಿದ್ದರು. ಚುನಾವಣೆಯಲ್ಲಿ ‘ಇಂಡಿಯಾ ಔಟ್’ ಎಂಬ ಕೂಗು ಜೋರಾಗಿತ್ತು. ಪ್ರಧಾನಿ ಮೋದಿಯವರ ಲಕ್ಷದ್ವೀಪ ಭೇಟಿಯ ಬಗ್ಗೆ ಹಗುರವಾಗಿ ಬರೆದ ಅಲ್ಲಿನ ಮೂವರು ಉಪಮಂತ್ರಿಗಳು ಆಗಷ್ಟೇ ಅಮಾನತಾಗಿದ್ದರು. ನಮ್ಮ ಕಡೆ ಮಾಲ್ಡೀವ್ಸ್ ಟಿಕೆಟ್ ರದ್ದು ಮಾಡಿದವರೂ ಬಹಳ.

ಮೂರು ತಿಂಗಳು ಕಳೆಯಿತು. ಏಪ್ರಿಲ್ ಮೊದಲ ವಾರದಲ್ಲಿ ಭಾರತ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. 2024-25ನೇ ಸಾಲಿಗೆ ಮಾಲ್ಡೀವ್ಸ್‌ಗೆ ಕಳಿಸಬಹುದಾದ ಸಾಮಾನಿನ ಪಟ್ಟಿ ಅದು. ಮೊಟ್ಟೆ 42.75 ಕೋಟಿ. ಅಕ್ಕಿ 1,24,218 ಟನ್. ಗೋಧಿ ಹಿಟ್ಟು 1,09,162 ಟನ್. ಸಕ್ಕರೆ 64,494 ಟನ್. ಈರುಳ್ಳಿ 35,749 ಟನ್. ಆಲೂಗಡ್ಡೆ 21,513 ಟನ್. ಇದನ್ನು ಕೇಳಿದ್ದು ಮಾಲ್ಡೀವ್ಸ್ ಸರ್ಕಾರವೇ. ಎರಡೂ ದೇಶಗಳ ನಡುವೆ 1981ರಲ್ಲಿ ವ್ಯಾಪಾರ ಒಪ್ಪಂದ ಆದ ಮೇಲೆ ಇಷ್ಟು ದೊಡ್ಡ ಪ್ರಮಾಣಕ್ಕೆ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು.

ಜನವರಿಯ ಮಾತಿಗೂ ಏಪ್ರಿಲಿನ ಪಟ್ಟಿಗೂ ನಡುವೆ ಏನಾಯಿತು? ಉಷ್ಣವಲಯದ ಪುಟ್ಟ ದ್ವೀಪ ದೇಶಗಳ ತಿಂಡಿ-ತೀರ್ಥದ ಮಾರುಕಟ್ಟೆ ಮುಂದೆ ಹೇಗಿರುತ್ತದೆ ಅಂತ ಕೇಳುವವರು ಮೊದಲು ಈ ಮೂರು ತಿಂಗಳನ್ನು ಅರ್ಥ ಮಾಡಿಕೊಳ್ಳಬೇಕು. ಪ್ರವಾಸಿಗರ ಸಂಖ್ಯೆ ಏರುತ್ತಿದೆ, ಹಾಗಾಗಿ ಮಾರುಕಟ್ಟೆ ಬೆಳೆಯುತ್ತದೆ ಎಂದು ಬರೆಯುವುದು ಸುಲಭ. ನನ್ನ ಪ್ರಕಾರ ಅದು ಅರ್ಧ ಲೆಕ್ಕ. ಅಲ್ಲಿ ಎಷ್ಟು ಮಾರಾಟವಾಗುತ್ತದೆ, ಯಾರು ಮಾರುತ್ತಾರೆ, ಯಾವ ಬೆಲೆಗೆ ಅನ್ನೋದನ್ನು ತೀರ್ಮಾನಿಸುವುದು ಎರಡು ಸಂಗತಿ: ಹಡಗಿನ ದಾರಿ ಮತ್ತು ಡಾಲರು.

ಬೆಳಗಿನ ತಿಂಡಿಯಿಂದ ಶುರು ಮಾಡೋಣ

ಮಾಲ್ಡೀವ್ಸ್‌ನ ಯಾವುದೇ ಊರಿಗೆ ಹೋಗಿ, ಬೆಳಗ್ಗೆ ಮಸ್ ಹುನಿ ಸಿಗುತ್ತದೆ. ಟ್ಯೂನಾ ಮೀನನ್ನು ಸಣ್ಣಗೆ ಬಿಡಿಸಿ, ತೆಂಗಿನ ತುರಿ, ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ, ಉಪ್ಪು ಹಾಕಿ ಕೈಯಲ್ಲೇ ಹಿಸುಕಿ ಕಲಸುತ್ತಾರೆ. ಅದರ ಜೊತೆ ರೋಶಿ, ಅಂದರೆ ತೆಳ್ಳನೆ ಚಪಾತಿ. ಪಕ್ಕದಲ್ಲಿ ಸಿಹಿ ಜಾಸ್ತಿ ಹಾಕಿದ ಚಹಾ. ಕರಾವಳಿಯವರಿಗೆ ಈ ರುಚಿ ಅಪರಿಚಿತ ಅನ್ನಿಸುವುದಿಲ್ಲ.

ಈಗ ತಟ್ಟೆಯಲ್ಲಿರುವುದನ್ನು ಒಂದೊಂದಾಗಿ ನೋಡಿ. ಮೀನು ಅಲ್ಲಿಯದು. ತೆಂಗು ಅಲ್ಲಿ ಬೆಳೆಯುತ್ತದೆ. ಮೆಣಸಿನಕಾಯಿ, ನಿಂಬೆ ಮನೆ ಹಿತ್ತಲಲ್ಲಿ ಸ್ವಲ್ಪ ಸಿಗಬಹುದು. ಈರುಳ್ಳಿ ಹೊರಗಿನದು. ರೋಶಿಯ ಹಿಟ್ಟು ಹೊರಗಿನದು. ಚಹಾಪುಡಿ, ಸಕ್ಕರೆ, ಹಾಲಿನ ಪುಡಿ ಎಲ್ಲವೂ ಹೊರಗಿನವು. ಪಕ್ಕಾ ಅಲ್ಲಿಯದೇ ಅನ್ನಿಸುವ ತಿಂಡಿಯೂ ಹಡಗು ಬರದಿದ್ದರೆ ತಟ್ಟೆಗೆ ಬರುವುದಿಲ್ಲ. ದೇಶದ ಆಹಾರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಆಮದು.

ಇದಕ್ಕೆ ಕಾರಣ ಸೋಮಾರಿತನ ಅಲ್ಲ, ಭೂಗೋಳ. ಸುಮಾರು 1,190 ಹವಳದ ದ್ವೀಪಗಳು, ಅದರಲ್ಲಿ ಜನವಸತಿ ಇರುವುದು 190ಕ್ಕಿಂತ ಕಡಿಮೆ. ಎಲ್ಲ ಸೇರಿಸಿದರೂ ನೆಲ 300 ಚದರ ಕಿಲೋಮೀಟರಿನ ಆಸುಪಾಸು. ನಮ್ಮ ಬೆಂಗಳೂರು ಮಹಾನಗರದ ಅರ್ಧವೂ ಆಗುವುದಿಲ್ಲ. ಆದರೆ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 800 ಕಿಲೋಮೀಟರಿಗಿಂತ ಜಾಸ್ತಿ ದೂರ. ಮಣ್ಣು ಮರಳು ಮರಳು. ಸಿಹಿನೀರು ನೆಲದಡಿ ತೆಳುವಾದ ಪದರದಂತೆ ನಿಂತಿರುತ್ತದೆ, ಜಾಸ್ತಿ ಎತ್ತಿದರೆ ಉಪ್ಪಾಗುತ್ತದೆ. 2004ರ ಸುನಾಮಿ ಅನೇಕ ದ್ವೀಪಗಳ ಹೊಲಕ್ಕೆ ಉಪ್ಪುನೀರು ನುಗ್ಗಿಸಿ ಹೋಯಿತು. ಭತ್ತ ಬೆಳೆಯುವ ಮಾತೇ ಇಲ್ಲ.

ಅಕ್ಕಿ ಹೊರಗಿನಿಂದ ಬರುವುದು ಅಲ್ಲಿ ಹೊಸದೂ ಅಲ್ಲ. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ 1343ರಲ್ಲಿ ಮಾಲ್ಡೀವ್ಸ್ ತಲುಪಿದ. ಅದಕ್ಕೆ ಮೊದಲು ಅವನು ನಮ್ಮ ಹೊನ್ನಾವರದಲ್ಲಿ ಇದ್ದವನು. ದ್ವೀಪದವರು ಕವಡೆಗಳನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ತಗೊಳ್ಳುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ಏಳು ಶತಮಾನದ ಹಿಂದೆಯೂ ಅದೇ ವ್ಯವಹಾರ: ಸಮುದ್ರದಿಂದ ಸಿಕ್ಕಿದ್ದನ್ನು ಕೊಡು, ಅನ್ನ ತಗೋ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಹಡಗು ಬರುವುದು ನಿಂತಾಗ ದ್ವೀಪಗಳಲ್ಲಿ ಹಸಿವು ಹೊಕ್ಕಿತು. ಜನ ಸೊಪ್ಪು, ಗೆಡ್ಡೆ ತಿಂದು ದಿನ ದೂಡಿದರು. ಆ ಕಷ್ಟದ ದಿನಗಳ ನೆನಪು ಹಿರಿಯರ ಬಾಯಲ್ಲಿ ಇನ್ನೂ ಇದೆ. ಅಕ್ಕಿ, ಹಿಟ್ಟು, ಸಕ್ಕರೆಯನ್ನು ಅಲ್ಲಿನ ಸರ್ಕಾರ ಇವತ್ತಿಗೂ ಪೂರ್ತಿ ಮಾರುಕಟ್ಟೆಯ ಕೈಗೆ ಬಿಟ್ಟುಕೊಡದೆ ಇರುವುದಕ್ಕೆ ಈ ಇತಿಹಾಸವೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಈ ಮೂರೂ ಸಾಮಾನನ್ನು 1964ರಲ್ಲಿ ಶುರುವಾದ ಸರ್ಕಾರಿ ವ್ಯಾಪಾರ ಸಂಸ್ಥೆ ಎಸ್‌ಟಿಒ ತರಿಸಿ, ಸಬ್ಸಿಡಿ ದರದಲ್ಲಿ ದೇಶದ ತುಂಬ ಹಂಚುತ್ತದೆ.

ಒಂದು ದೇಶ, ಎರಡು ಅಡುಗೆಮನೆ

ಮೊದಲ ರೆಸಾರ್ಟ್ ಕುರುಂಬಾ ತೆರೆದದ್ದು 1972ರಲ್ಲಿ. ಆಮೇಲೆ ಬೆಳೆದ ಪದ್ಧತಿ ಹೀಗಿದೆ: ಒಂದು ದ್ವೀಪ, ಒಂದು ರೆಸಾರ್ಟ್. ಪ್ರವಾಸಿ ವಿಮಾನ ನಿಲ್ದಾಣದಿಂದ ಸೀದಾ ತನ್ನ ದ್ವೀಪಕ್ಕೆ ಹೋಗುತ್ತಾನೆ, ಅಲ್ಲೇ ತಿನ್ನುತ್ತಾನೆ, ಅಲ್ಲಿಂದಲೇ ವಾಪಸ್ಸು. ಊರಿನ ಅಂಗಡಿಯನ್ನು ಅವನು ನೋಡುವುದೇ ಇಲ್ಲ. ರೆಸಾರ್ಟಿನ ಅಡುಗೆಮನೆಗೆ ಆಸ್ಟ್ರೇಲಿಯಾದ ಮಾಂಸ, ಯುರೋಪಿನ ಚೀಸ್, ಫ್ರಾನ್ಸಿನ ವೈನ್ ವಿಮಾನದಲ್ಲೂ ಕಂಟೇನರಿನಲ್ಲೂ ಬರುತ್ತದೆ. ಮದ್ಯ, ಹಂದಿಮಾಂಸಕ್ಕೆ ಅಲ್ಲಿ ಪರವಾನಗಿ ಇದೆ. ಜನರಿರುವ ದ್ವೀಪಗಳಲ್ಲಿ ಎರಡೂ ನಿಷಿದ್ಧ.

2009ರ ನಂತರ ಊರಿನ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿತು. ಮಾಫುಶಿ, ತುಲುಸ್ದೂ, ತೊಡ್ಡೂನಂಥ ಕಡೆ ಸಾಮಾನ್ಯ ಬಜೆಟ್ಟಿನ ಪ್ರವಾಸಿಗರು ಇಳಿಯತೊಡಗಿದರು. ಊರಿನ ಹೋಟೆಲು, ದಿನಸಿ ಅಂಗಡಿ, ಹಣ್ಣಿನವರಿಗೆ ಪ್ರವಾಸಿಯ ದುಡ್ಡು ಸ್ವಲ್ಪ ನೇರವಾಗಿ ಕಂಡದ್ದು ಆಗಲೇ. ನನಗೆ ಈ ದೇಶದ ಆಹಾರ ವ್ಯವಹಾರದಲ್ಲಿ ಅತಿ ಮುಖ್ಯ ಅನ್ನಿಸುವ ಬದಲಾವಣೆ ಇದು, ಹೊಸ ಹೊಸ ಐಷಾರಾಮಿ ರೆಸಾರ್ಟುಗಳಲ್ಲ.

2024ರಲ್ಲಿ ಏನಾಯಿತು ನೋಡಿ. 2023ರಲ್ಲಿ ಸುಮಾರು 2.09 ಲಕ್ಷ ಭಾರತೀಯರು ಹೋಗಿದ್ದರು, ಎಲ್ಲ ದೇಶಗಳಿಗಿಂತ ಮುಂದಿದ್ದೆವು. 2024ರಲ್ಲಿ ಅದು 1.3 ಲಕ್ಷದ ಹತ್ತಿರಕ್ಕೆ ಇಳಿಯಿತು. ಆದರೂ ಒಟ್ಟು ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು. ಚೀನಾದವರು, ರಷ್ಯಾದವರು, ಯುರೋಪಿನವರು ಜಾಗ ತುಂಬಿದರು. ಅಂದರೆ ಪ್ರವಾಸಿಯನ್ನು ಬೇರೆ ದೇಶದಿಂದ ತರಿಸಿಕೊಳ್ಳಬಹುದು. ಈರುಳ್ಳಿಯನ್ನು ಅಷ್ಟು ಸುಲಭವಾಗಿ ಬೇರೆ ಕಡೆಯಿಂದ ತರಿಸಿಕೊಳ್ಳಲು ಆಗುವುದಿಲ್ಲ. ಯಾಕೆ ಅಂತ ನೋಡೋಣ.

ತೂತ್ತುಕುಡಿಯಿಂದ ಜೆಟ್ಟಿಯವರೆಗೆ

ತಮಿಳುನಾಡಿನ ತೂತ್ತುಕುಡಿಯಿಂದ ಮಾಲೆಗೆ ಸಮುದ್ರದಲ್ಲಿ ಸುಮಾರು 700 ಕಿಲೋಮೀಟರ್. ಅಲ್ಲಿಂದ ತೋಣಿ ಎನ್ನುವ ಸಾಂಪ್ರದಾಯಿಕ ಸರಕು ಹಡಗುಗಳು ಇಂದಿಗೂ ಮಾಲ್ಡೀವ್ಸ್‌ಗೆ ಈರುಳ್ಳಿ, ತರಕಾರಿ, ಕಟ್ಟಡ ಸಾಮಾನು ಹೊತ್ತು ಹೋಗುತ್ತವೆ. ನಾಮಕ್ಕಲ್ ಕೋಳಿ ಫಾರ್ಮುಗಳ ಮೊಟ್ಟೆಯೂ ತೂತ್ತುಕುಡಿ ಬಂದರಿನಿಂದ ಹೊರಡುತ್ತದೆ. 2020ರ ಸೆಪ್ಟೆಂಬರಿನಲ್ಲಿ ತೂತ್ತುಕುಡಿ, ಕೊಚ್ಚಿ, ಕುಲ್ಹುದುಫುಶಿ, ಮಾಲೆ ನಡುವೆ ನೇರ ಸರಕು ಹಡಗು ಸೇವೆಯನ್ನೂ ಶುರು ಮಾಡಿದರು. ಕುಲ್ಹುದುಫುಶಿ ಉತ್ತರ ಮಾಲ್ಡೀವ್ಸ್‌ನ ಊರು. ಸಾಮಾನು ಮೊದಲು ಮಾಲೆಗೆ ಹೋಗಿ ಮತ್ತೆ ಉತ್ತರಕ್ಕೆ ಬರುವ ಸುತ್ತು ತಪ್ಪಿಸುವುದು ಉದ್ದೇಶ.

ಟರ್ಕಿಯಿಂದ ಬರಬೇಕಾದರೆ ಸುಯೆಜ್ ಕಾಲುವೆ, ಕೆಂಪು ಸಮುದ್ರ, ಏಡನ್ ಕೊಲ್ಲಿ ದಾಟಬೇಕು. 2024ರ ಜನವರಿಯಲ್ಲಿ ಆ ದಾರಿಯಲ್ಲೇ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದರು. ದೊಡ್ಡ ಕಂಪನಿಗಳ ಹಡಗುಗಳು ಇಡೀ ಆಫ್ರಿಕಾ ಸುತ್ತಿ ಬರುತ್ತಿದ್ದವು. ಬಾಡಿಗೆ ಏರಿತ್ತು, ದಿನಗಳೂ ಜಾಸ್ತಿ. ಹಿಟ್ಟು, ಸಕ್ಕರೆ ಹೇಗೋ ತಡೆದುಕೊಳ್ಳುತ್ತವೆ. ಮೊಟ್ಟೆ, ಈರುಳ್ಳಿ ತಡೆದುಕೊಳ್ಳುವುದಿಲ್ಲ. ಅಷ್ಟು ದೂರದಿಂದ ಹಡಗು ಬರಬೇಕಾದರೆ ದೊಡ್ಡ ಗಂಟನ್ನೇ ಒಟ್ಟಿಗೆ ತರಿಸಬೇಕು. ಅದನ್ನು ಇಟ್ಟುಕೊಳ್ಳಲು ಗೋದಾಮು ಬೇಕು. ಮಾಲೆಯಲ್ಲಿ ಜಾಗವೇ ಚಿನ್ನ. ತೂತ್ತುಕುಡಿಯ ಸಣ್ಣ ಹಡಗು ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪ ತರುತ್ತದೆ. ಅಂಗಡಿಯವನು ತಿರುಗುವ ದುಡ್ಡಿನಲ್ಲಿ ಬದುಕಬಹುದು. ಪುಟ್ಟ ಮಾರುಕಟ್ಟೆಗೆ ಹೊಂದುವ ವ್ಯವಸ್ಥೆ ಇದೇ.

ಮಾಲೆಗೆ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಬಂದರು ಇಕ್ಕಟ್ಟು. ಇಳಿದ ಮೂಟೆ ಸಗಟು ವ್ಯಾಪಾರಿಯ ಗೋದಾಮಿಗೆ ಹೋಗುತ್ತದೆ. ಅಲ್ಲಿಂದ ಉತ್ತರ ದಡದ ಧಕ್ಕೆಗೆ. ಅಲ್ಲಿ ಒಂದೊಂದು ದ್ವೀಪದ ಸರಕು ದೋಣಿ ಕಾದಿರುತ್ತದೆ. ಅಕ್ಕಿ ಮೂಟೆಯ ಮೇಲೆ ಸಿಮೆಂಟು, ಅದರ ಪಕ್ಕ ಮೊಟ್ಟೆಯ ಟ್ರೇ, ಅದರಾಚೆ ಯಾರದೋ ವಾಷಿಂಗ್ ಮಷೀನು. ದೂರದ ದ್ವೀಪವಾದರೆ ದೋಣಿ ಒಂದೆರಡು ದಿನ ಸಾಗಬೇಕು. ಮುಂಗಾರಿನಲ್ಲಿ ಗಾಳಿ ಎದ್ದರೆ ಹೊರಡುವುದೇ ಇಲ್ಲ. ತಣ್ಣಗಿಡುವ ವ್ಯವಸ್ಥೆ ಎಲ್ಲ ದೋಣಿಗಳಲ್ಲೂ ಇರುವುದಿಲ್ಲ. ಹಾಗಾಗಿ ದೂರದ ದ್ವೀಪದ ಅಂಗಡಿಯಲ್ಲಿ ಟೊಮೆಟೊ ಅಪರೂಪ, ನೂಡಲ್ಸ್, ಬಿಸ್ಕತ್ತು, ಡಬ್ಬಿಯ ಹಾಲು ಧಾರಾಳ. ಜನಕ್ಕೆ ತರಕಾರಿ ಇಷ್ಟವಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಡದೆ ತಲುಪುವುದನ್ನು ಜನ ತಿನ್ನುತ್ತಾರೆ, ಅಷ್ಟೇ. ಅದರ ಬೆಲೆಯನ್ನು ಅವರ ಆರೋಗ್ಯ ತೆರುತ್ತಿದೆ ಅನ್ನೋದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮಂಗಳೂರಿನ ಹಳೇ ಬಂದರು ನೋಡಿದವರಿಗೆ ಈ ದೃಶ್ಯ ಗೊತ್ತು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಅಲ್ಲಿಂದಲೂ ಹೋಗುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನವರು ಆಡುವುದು ಮಾಲ್ಡೀವ್ಸ್‌ನದೇ ಭಾಷೆ, ತಿನ್ನುವುದೂ ಬಹುಪಾಲು ಅದೇ ಟ್ಯೂನಾ. ದ್ವೀಪಕ್ಕೆ ಸಾಮಾನು ತುಂಬುವ ಅನುಭವ ನಮ್ಮ ಕರಾವಳಿಗೆ ತಲೆಮಾರುಗಳಿಂದ ಇದೆ.

ಹಾಗಂತ ಮುಯಿಝು ಆತಂಕ ಸುಳ್ಳಲ್ಲ

ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಒಂದೇ ಕಡೆ ನೆಚ್ಚಿಕೊಳ್ಳುವುದು ಅಪಾಯ ಎಂಬ ಮಾತಿನಲ್ಲಿ ಹುರುಳಿದೆ. ಭಾರತ 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ಈರುಳ್ಳಿ ರಫ್ತನ್ನೂ ನಿಲ್ಲಿಸಿತು. ಗೋಧಿ ಹಿಟ್ಟು, ಸಕ್ಕರೆಯ ಮೇಲೂ ನಿರ್ಬಂಧ ಇತ್ತು. ನಮ್ಮ ಮಾರುಕಟ್ಟೆಯಲ್ಲಿ ಬೆಲೆ ಏರಿದರೆ ದೆಹಲಿ ಬಾಗಿಲು ಹಾಕುತ್ತದೆ. ಅದರ ಪೆಟ್ಟು ಹೇಗಿರುತ್ತದೆ ಅಂತ ಚಿಕ್ಕಬಳ್ಳಾಪುರದ ರೋಸ್ ಈರುಳ್ಳಿ ಬೆಳೆಗಾರರನ್ನು ಕೇಳಿ. ರಫ್ತಿಗೆಂದೇ ಬೆಳೆಯುವ ಬೆಳೆ ಅದು. ಬಾಗಿಲು ಹಾಕಿದ ದಿನ ಇಲ್ಲಿ ರೈತನಿಗೆ ನಷ್ಟ, ಅಲ್ಲಿ ತಿನ್ನುವವನಿಗೆ ಕೊರತೆ.

ಆ 1981ರ ಒಪ್ಪಂದದ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲಿ. ಬೇರೆ ದೇಶಗಳಿಗೆ ಬಾಗಿಲು ಮುಚ್ಚಿದ್ದಾಗಲೂ ಮಾಲ್ಡೀವ್ಸ್‌ಗೆ ಕೋಟಾ ಇತ್ತು. ಟರ್ಕಿಯ ಹಿಟ್ಟು ಅಗ್ಗವೋ ದುಬಾರಿಯೋ ಅನ್ನೋದು ಆಮೇಲಿನ ಪ್ರಶ್ನೆ. ಬಾಗಿಲು ಮುಚ್ಚಿದಾಗಲೂ ತೆರೆದಿರುವ ಒಂದು ಕಿಟಕಿಯನ್ನು ಯಾವ ಸರ್ಕಾರವೂ ಕೈಯಾರೆ ಹಾಕಿಕೊಳ್ಳುವುದಿಲ್ಲ.

ಕೋಟಾವನ್ನು ಹೇಗೆ ಓದಬೇಕು

ರಫ್ತಿನ ಆಸೆ ಇರುವವರು ಎಡವುವುದು ಇಲ್ಲೇ. 42.75 ಕೋಟಿ ಮೊಟ್ಟೆ ಅಂದ ಕೂಡಲೇ ಅಷ್ಟೂ ಮಾರಾಟವಾಗುತ್ತದೆ ಅಂದುಕೊಳ್ಳುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ.

2022ರ ಜನಗಣತಿ ಪ್ರಕಾರ ಅಲ್ಲಿರುವವರು 5.15 ಲಕ್ಷ. ಇದರಲ್ಲಿ ಬಾಂಗ್ಲಾದೇಶ, ಭಾರತ ಮುಂತಾದ ಕಡೆಯಿಂದ ಬಂದ 1.3 ಲಕ್ಷಕ್ಕೂ ಜಾಸ್ತಿ ಕೆಲಸಗಾರರೂ ಸೇರಿದ್ದಾರೆ. ಪ್ರವಾಸಿಗರು ವರ್ಷಕ್ಕೆ 20 ಲಕ್ಷ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಬ್ಬೊಬ್ಬರು ಇರುವುದು ಸರಾಸರಿ ಏಳೆಂಟು ದಿನ. 20 ಲಕ್ಷವನ್ನು ಆ ದಿನಗಳಿಂದ ಗುಣಿಸಿ 365ರಿಂದ ಭಾಗಿಸಿದರೆ ಯಾವುದೇ ದಿನ ದೇಶದಲ್ಲಿರುವ ಪ್ರವಾಸಿಗರು ಹತ್ತಿರ ಹತ್ತಿರ 40,000. ಅಂದರೆ ದಿನವೂ ಊಟ ಮಾಡುವವರು ಐದೂವರೆ ಲಕ್ಷ ಅಂತಿಟ್ಟುಕೊಳ್ಳಬಹುದು. ನಮ್ಮಲ್ಲಿ ಇದು ಒಂದು ಜಿಲ್ಲಾ ಕೇಂದ್ರದ ಗಾತ್ರ.

ಈಗ ಕೋಟಾ ಹಂಚಿ ನೋಡಿ. ಅಕ್ಕಿ, ಹಿಟ್ಟು ಎರಡೂ ಸೇರಿ ತಲೆಗೆ ದಿನಕ್ಕೆ ಒಂದು ಕಿಲೋಗಿಂತ ಜಾಸ್ತಿ ಬರುತ್ತದೆ. ಈರುಳ್ಳಿ ವರ್ಷಕ್ಕೆ 60 ಕಿಲೋ ದಾಟುತ್ತದೆ. ಸಕ್ಕರೆ ನೂರು ಕಿಲೋ ಮೇಲೆ. ಕೂಸಿನಿಂದ ಮುದುಕರವರೆಗೆ ಎಲ್ಲರೂ ಅಷ್ಟು ತಿನ್ನಲು ಸಾಧ್ಯವಾ? ಇಲ್ಲ. ಕೋಟಾ ಅನ್ನೋದು ಇಷ್ಟರವರೆಗೆ ಕಳಿಸಬಹುದು ಎಂಬ ಮಿತಿ, ಇಷ್ಟು ಬೇಕು ಎಂಬ ಆರ್ಡರ್ ಅಲ್ಲ. ಕೊರತೆ ಬಾರದಿರಲಿ ಅಂತ ಎರಡೂ ಸರ್ಕಾರಗಳು ಕೈ ಬಿಚ್ಚಿ ಇಟ್ಟ ಅಂಚು ಅದು. ಮೊಟ್ಟೆಯ ಲೆಕ್ಕ ಮಾತ್ರ ಸ್ವಲ್ಪ ಹತ್ತಿರ ಬರುತ್ತದೆ: ತಲೆಗೆ ದಿನಕ್ಕೆ ಎರಡು. ರೆಸಾರ್ಟಿನ ಬಫೆ, ಬೇಕರಿ, ಕೇಕು, ಸಂಜೆಯ ಕರಿದ ತಿಂಡಿ ಎಲ್ಲ ಸೇರಿದರೂ ಅದೂ ಜಾಸ್ತಿಯೇ.

ಹಾಗಾದರೆ ಮಾರುಕಟ್ಟೆ ಚಿಕ್ಕದಾ? ತೂಕದಲ್ಲಿ ಚಿಕ್ಕದು. ಆದರೆ ರೆಸಾರ್ಟಿಗೆ ಹೋಗುವ ಸಾಮಾನಿನ ಬೆಲೆ ಬೇರೆ ಮಟ್ಟದ್ದು. ಅಲ್ಲಿ ಕೇಳುವುದು ಅಗ್ಗದ ಮಾಲನ್ನಲ್ಲ. ಪ್ರತಿ ವಾರ ಒಂದೇ ಗಾತ್ರ, ಒಂದೇ ಗುಣಮಟ್ಟ, ಹೇಳಿದ ದಿನ ಬರಬೇಕು. ಒಂದು ವಾರ ತಪ್ಪಿದರೆ ಮುಂದಿನ ಆರ್ಡರ್ ದುಬೈಗೋ ಕೊಲಂಬೊಗೋ ಹೋಗುತ್ತದೆ.

ಡಾಲರ್ ಎಲ್ಲಿ ನಿಲ್ಲುತ್ತದೆ

ಈಗ ಪ್ರಕರಣದ ಅತಿ ಬಿಗಿಯಾದ ಗಂಟಿಗೆ ಬಂದೆವು. 20 ಲಕ್ಷ ಜನ ಬಂದು ಡಾಲರಿನಲ್ಲಿ ಖರ್ಚು ಮಾಡುವ ದೇಶದಲ್ಲಿ ಡಾಲರಿಗೆ ಬರಗಾಲ ಬರಬಹುದಾ? ಬಂತು. 2024ರ ಆಗಸ್ಟಿನಲ್ಲಿ ಫಿಚ್ ಸಂಸ್ಥೆ ಮಾಲ್ಡೀವ್ಸ್‌ನ ಸಾಲದ ರೇಟಿಂಗನ್ನು ‘ಸಿಸಿ’ಗೆ ಇಳಿಸಿತು. ಸಾಲ ಕಟ್ಟಲಾರದ ಸ್ಥಿತಿ ಹತ್ತಿರದಲ್ಲಿದೆ ಎಂಬ ಎಚ್ಚರಿಕೆ ಅದು. ಅಕ್ಟೋಬರಿನಲ್ಲಿ ನಮ್ಮ ರಿಸರ್ವ್ ಬ್ಯಾಂಕು 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯಕ್ಕೆ ಒಪ್ಪಿತು. ಜನವರಿಯಲ್ಲಿ ಮುಖ ತಿರುಗಿಸಿದ್ದ ಸಂಬಂಧ ಆ ಹೊತ್ತಿಗೆ ಹದಕ್ಕೆ ಬಂದಿತ್ತು.

ಡಾಲರ್ ಬಂದರೂ ನಿಲ್ಲದಿರುವುದು ಹೀಗೆ. ಕೋಣೆಯ ಬಾಡಿಗೆಯ ದೊಡ್ಡ ಪಾಲು ಹೊರದೇಶದ ಏಜೆಂಟಿಗೆ, ಹೊರದೇಶದ ಮಾಲೀಕನಿಗೆ, ಅಲ್ಲಿನ ಬ್ಯಾಂಕಿಗೆ ಹೋಗುತ್ತದೆ. ಉಳಿದದ್ದರಲ್ಲಿ ರೆಸಾರ್ಟ್ ತನ್ನ ಅಡುಗೆಗೇ ಆಮದು ಮಾಡಿಕೊಳ್ಳುತ್ತದೆ. ಮಾಲೆಯ ದಿನಸಿ ವ್ಯಾಪಾರಿ ಗಳಿಸುವುದು ಅಲ್ಲಿನ ನಾಣ್ಯವಾದ ರುಫಿಯಾದಲ್ಲಿ. ಅವನಿಗೆ ತೂತ್ತುಕುಡಿಗೆ ದುಡ್ಡು ಕಳಿಸಲು ಡಾಲರ್ ಬೇಕು. 2011ರಿಂದ ಬ್ಯಾಂಕಿನ ದರ ಒಂದು ಡಾಲರಿಗೆ 15.42 ರುಫಿಯಾ. ಆದರೆ ಬ್ಯಾಂಕಿನಲ್ಲಿ ಅವನಿಗೆ ಬೇಕಾದಷ್ಟು ಸಿಗುವುದಿಲ್ಲ. ಹೊರಗೆ ಜಾಸ್ತಿ ಕೊಟ್ಟು ಕೊಳ್ಳುತ್ತಾನೆ. ಹೊರಗಿನ ದರ 18 ಅಂತಿಟ್ಟುಕೊಳ್ಳಿ. ಸಾವಿರ ಡಾಲರಿನ ಮಾಲಿಗೆ ಬ್ಯಾಂಕಿನ ಲೆಕ್ಕದಲ್ಲಿ 15,420 ರುಫಿಯಾ, ಅವನ ಜೇಬಿನಿಂದ ಹೋಗುವುದು 18,000. ಆ 2,580 ರುಫಿಯಾ ಈರುಳ್ಳಿಯ ಬೆಲೆಗೆ ಸೇರುತ್ತದೆ. ಭಾರತದಲ್ಲಿ ಈರುಳ್ಳಿ ಅಗ್ಗವಾದರೂ ಮಾಲೆಯ ಅಂಗಡಿಯಲ್ಲಿ ಅಗ್ಗವಾಗದಿರುವುದಕ್ಕೆ ಇದೂ ಒಂದು ಕಾರಣ.

ಸರ್ಕಾರ 2025ರ ಜನವರಿಯಿಂದ ಹೊಸ ಕಾನೂನು ತಂದಿತು. ರೆಸಾರ್ಟುಗಳು ಪ್ರತಿ ಪ್ರವಾಸಿಗೆ 500 ಡಾಲರಿನಂತೆ ಅಲ್ಲಿನ ಬ್ಯಾಂಕಿನಲ್ಲಿ ರುಫಿಯಾಗೆ ಬದಲಿಸಬೇಕು. ಆಮೇಲೆ ಆದಾಯದ ಶೇ. 20 ಕೊಡುವ ಆಯ್ಕೆಯೂ ಬಂತು. ಪ್ರವಾಸೋದ್ಯಮದ ಜಿಎಸ್‌ಟಿ 2023ರಲ್ಲಿ ಶೇ. 16 ಆಗಿತ್ತು, 2025ರ ಜುಲೈನಲ್ಲಿ ಶೇ. 17 ಆಯಿತು. ಉದ್ಯಮದವರು ಗೊಣಗಿದರು. ಆದರೆ ಆಹಾರದ ಕಣ್ಣಿನಿಂದ ನೋಡಿದರೆ ಇದು ಸರಿಯಾದ ದಿಕ್ಕು ಅಂತ ನನ್ನ ಅಭಿಪ್ರಾಯ. ಸಮುದ್ರದ ದಂಡೆ ಅವರದು, ಆ ದಂಡೆಯ ಗಳಿಕೆಯಲ್ಲಿ ಊರಿನವರ ಈರುಳ್ಳಿಗೆ ಬೇಕಾದಷ್ಟು ಡಾಲರ್ ಬ್ಯಾಂಕಿಗೆ ಬರಲೇಬೇಕು.

ಪ್ರವಾಸೋದ್ಯಮ ನಿಂತರೆ ಏನಾಗುತ್ತದೆ ಅನ್ನೋದನ್ನು 2020 ತೋರಿಸಿತ್ತು. ಮಾರ್ಚ್ ಕೊನೆಯಿಂದ ಜುಲೈ ಮಧ್ಯದವರೆಗೆ ಗಡಿ ಮುಚ್ಚಿತ್ತು. ಹಿಂದಿನ ವರ್ಷ 17 ಲಕ್ಷ ಬಂದಿದ್ದವರು ಆ ವರ್ಷ 5.55 ಲಕ್ಷಕ್ಕೆ ಇಳಿದರು. ಮೇ ತಿಂಗಳಲ್ಲಿ ಭಾರತದ ಐಎನ್‌ಎಸ್ ಕೇಸರಿ ಸುಮಾರು 600 ಟನ್ ಆಹಾರ ಹೊತ್ತು ಮಾಲೆಗೆ ಹೋಯಿತು.

ಕುಡಿಯುವುದು

ಪಾನೀಯದ ಕಥೆ ಬೇರೆಯೇ. ಅಲ್ಲಿ ಹೆಚ್ಚು ತೂಕವಿರುವುದು ನೀರಿಗೆ, ನೀರನ್ನು ಹಡಗಿನಲ್ಲಿ ತರುವುದು ದಂಡ. ಹಾಗಾಗಿ ಸಮುದ್ರದ ನೀರಿನ ಉಪ್ಪು ತೆಗೆದು ಅಲ್ಲೇ ಬಾಟಲಿಗೆ ತುಂಬುವ ಉದ್ಯಮ ಬೆಳೆದಿದೆ. ತುಲುಸ್ದೂ ದ್ವೀಪದಲ್ಲಿ ಕೋಕಾ-ಕೋಲಾ ಕೂಡ ಹೀಗೆ ಉಪ್ಪು ತೆಗೆದ ಸಮುದ್ರದ ನೀರಿನಿಂದಲೇ ತಯಾರಾಗುತ್ತದೆ. ಇಂಥ ಕಡೆ ಸ್ಥಳೀಯ ಉತ್ಪಾದನೆ ಗೆಲ್ಲುವುದು ಸಹಜ, ಏಕೆಂದರೆ ಆಮದು ನೀರಿನ ಬೆಲೆಯಲ್ಲಿ ಬಹುಪಾಲು ಹಡಗಿನ ಬಾಡಿಗೆಯೇ.

ಅಪಾಯವೂ ಇದೆ. 2014ರ ಡಿಸೆಂಬರ್ 4ರಂದು ಮಾಲೆಯ ನೀರು ಶುದ್ಧೀಕರಣ ಘಟಕದಲ್ಲಿ ಬೆಂಕಿ ಹತ್ತಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಇರುವ ನಗರದ ನಲ್ಲಿಗಳು ಒಣಗಿದವು. ಬದಲಿ ಬಾವಿ ಇಲ್ಲ, ಹೊಳೆ ಇಲ್ಲ. ಭಾರತ ವಿಮಾನಗಳಲ್ಲೂ ಯುದ್ಧನೌಕೆಗಳಲ್ಲೂ ನೀರು ಕಳಿಸಿತು. ಒಂದು ಯಂತ್ರದ ಮೇಲೆ ಇಡೀ ಊರಿನ ದಾಹ ನಿಂತಿರಬಾರದು ಅನ್ನೋದನ್ನು ಆ ವಾರ ಎಲ್ಲರಿಗೂ ಮನದಟ್ಟು ಮಾಡಿತು.

ಸಿಹಿ ಪಾನೀಯ, ಎನರ್ಜಿ ಡ್ರಿಂಕ್‌ಗಳ ಮೇಲೆ ಸರ್ಕಾರ ಆಮದು ಸುಂಕ ಜಾಸ್ತಿ ಮಾಡಿದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಆಮದಿಗೆ 2021ರಿಂದ ತಡೆ ಹಾಕುತ್ತ ಬಂದಿದೆ. ಅಲ್ಲಿಗೆ ಪಾನೀಯ ಮಾರಲು ಹೊರಟವರು ಬಾಟಲಿಯ ಬಗ್ಗೆ ಮೊದಲು ಯೋಚಿಸಬೇಕು, ರುಚಿಯ ಬಗ್ಗೆ ಆಮೇಲೆ.

ಸ್ವಂತ ಸಾಮಾನು: ಕಲ್ಲಂಗಡಿ ಮತ್ತು ಮೀನು

ಉತ್ತರ ಆರಿ ಹವಳವೃತ್ತದ (ಉಂಗುರದಂತೆ ಸೇರಿದ ಹವಳ ದ್ವೀಪಗಳ ಗುಂಪು) ತೊಡ್ಡೂ ದ್ವೀಪದಲ್ಲಿ ಕಲ್ಲಂಗಡಿ, ಪಪ್ಪಾಯಿ ಬೆಳೆಯುತ್ತಾರೆ. ರಂಜಾನ್ ಹತ್ತಿರ ಬಂದರೆ ತೊಡ್ಡೂ ಕಲ್ಲಂಗಡಿಗೆ ಮಾಲೆಯ ಮಾರುಕಟ್ಟೆಯಲ್ಲಿ ಎಲ್ಲಿಲ್ಲದ ಬೇಡಿಕೆ. ಬೆಳೆದವರಿಗೆ ದೋಣಿ ಹತ್ತಿರ, ಕೊಳ್ಳುವವರು ಹತ್ತಿರ, ನೀರಿನಂಶವೇ ಜಾಸ್ತಿ ಇರುವ ಹಣ್ಣನ್ನು ದೂರದಿಂದ ತರುವುದು ದುಬಾರಿ. ದ್ವೀಪದ ಕೃಷಿ ಗೆಲ್ಲುವುದು ಇಂಥ ಬೆಳೆಯಲ್ಲಿ. ಭಾರವಾದ, ಬೇಗ ಕೆಡುವ, ತಾಜಾ ಇದ್ದರೆ ಬೆಲೆ ಬರುವ ಬೆಳೆ: ಸೊಪ್ಪು, ಸೌತೆ, ಮೆಣಸಿನಕಾಯಿ, ಹಣ್ಣು. ಅಕ್ಕಿಯಲ್ಲಿ ಸ್ವಾವಲಂಬನೆ ಅಂತ ಭಾಷಣ ಮಾಡುವುದರಿಂದ ಏನೂ ಆಗುವುದಿಲ್ಲ.

ಮೀನಿನ ವಿಷಯ ನೋವಿನದು. ಗಾಳದಲ್ಲಿ ಒಂದೊಂದಾಗಿ ಟ್ಯೂನಾ ಹಿಡಿಯುವ ಪದ್ಧತಿ ಅಲ್ಲಿನದು. ಬಲೆ ಎಳೆದು ಸಿಕ್ಕಿದ್ದೆಲ್ಲವನ್ನೂ ಬಾಚುವುದಿಲ್ಲ. 2012ರಲ್ಲೇ ಅದಕ್ಕೆ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಇಷ್ಟು ಒಳ್ಳೆಯ ಮೀನಿನ ದೊಡ್ಡ ಪಾಲು ಹೆಪ್ಪುಗಟ್ಟಿಸಿದ ರೂಪದಲ್ಲಿ ಥಾಯ್ಲೆಂಡಿಗೆ ಹೋಗುತ್ತದೆ, ಅಲ್ಲಿ ಡಬ್ಬಿ ಸೇರುತ್ತದೆ. ಡಬ್ಬಿಯ ಲಾಭ ಥಾಯ್ಲೆಂಡಿಗೆ.

ಮಾಲ್ಡೀವ್ಸ್ ತಾನೇ ಡಬ್ಬಿ ಮಾಡಿ ಯುರೋಪಿಗೆ ಕಳಿಸಬಹುದಲ್ಲ? ಕಳಿಸುತ್ತದೆ. ಆದರೆ 2011ರಲ್ಲಿ ಅದು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲೇರಿತು. ಅದರ ಫಲವಾಗಿ 2014ರಿಂದ ಯುರೋಪಿನ ಸುಂಕ ವಿನಾಯಿತಿ ಹೋಯಿತು. ಡಬ್ಬಿ ಟ್ಯೂನಾಕ್ಕೆ ಶೇ. 24 ಸುಂಕ. ಏಳಿಗೆಗೆ ಸಿಕ್ಕ ಬಹುಮಾನ ಇದು ಅಂದರೆ ಯಾರಿಗಾದರೂ ಸಂಕಟ ಆಗುತ್ತದೆ ಅಲ್ವಾ. ಇದಕ್ಕೂ ಮೊದಲು, 1970ರ ದಶಕದ ಆರಂಭದಲ್ಲಿ, ಶ್ರೀಲಂಕಾ ತನ್ನ ಡಾಲರ್ ಕೊರತೆಯಿಂದ ಮಾಲ್ಡೀವ್ಸ್‌ನ ಒಣ ಮೀನು ಕೊಳ್ಳುವುದನ್ನು ಕಡಿತ ಮಾಡಿದಾಗಲೂ ಇದೇ ಮೀನುಗಾರರು ನೆಲಕಚ್ಚಿದ್ದರು. ಕೊಳ್ಳುವವನೂ ಒಬ್ಬನೇ ಇರಬಾರದು, ಮಾರುವವನೂ ಒಬ್ಬನೇ ಇರಬಾರದು.

ಮುಂದೆ

2025ರ ಜನವರಿ 1ಕ್ಕೆ ಚೀನಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಅದೇ ಜುಲೈನಲ್ಲಿ ಮೋದಿ ಮಾಲೆಗೆ ಹೋದರು. 4,850 ಕೋಟಿ ರೂಪಾಯಿ ಸಾಲ, ಮೀನುಗಾರಿಕೆ ಸಹಕಾರದ ಒಪ್ಪಂದ, ಮುಕ್ತ ವ್ಯಾಪಾರ ಮಾತುಕತೆಯ ಚಾಲನೆ, ಎಲ್ಲವೂ ಆ ಭೇಟಿಯಲ್ಲಿ ಆದವು. ಚೀನಾದ ಪ್ಯಾಕೆಟ್ ತಿಂಡಿ, ಹೆಪ್ಪುಗಟ್ಟಿಸಿದ ಸಾಮಾನು ಇನ್ನಷ್ಟು ಅಗ್ಗವಾಗಿ ಬರಬಹುದು. ಕೆಡುವ ಸಾಮಾನಿನಲ್ಲಿ ಮಾತ್ರ ಹತ್ತಿರ ಇರುವವರೇ ಗೆಲ್ಲುತ್ತಾರೆ, ಅಲ್ಲಿ ದಕ್ಷಿಣ ಭಾರತ ಮತ್ತು ಶ್ರೀಲಂಕಾಗೆ ಎದುರಾಳಿ ಕಡಿಮೆ.

ನನ್ನ ಅಂದಾಜು ಹೀಗಿದೆ. ಅಕ್ಕಿ, ಹಿಟ್ಟು, ಸಕ್ಕರೆ ಸರ್ಕಾರಗಳ ನಡುವಿನ ವ್ಯವಹಾರವಾಗಿಯೇ ಉಳಿಯುತ್ತದೆ. ಅಲ್ಲಿ ಖಾಸಗಿಯವರಿಗೆ ಸಿಗುವ ಲಾಭ ತೆಳು. ರೆಸಾರ್ಟಿನ ದುಬಾರಿ ಮಾಲಿನಲ್ಲಿ ಪೈಪೋಟಿ ವಿಪರೀತ. ನಿಜವಾದ ಕೊರತೆ ಇರುವುದು ನಡುವಿನ ಜಾಗದಲ್ಲಿ: ಗೆಸ್ಟ್‌ಹೌಸ್ ಇರುವ ಸಣ್ಣ ದ್ವೀಪಗಳಿಗೆ ತಣ್ಣಗಿಟ್ಟ ತರಕಾರಿ, ಹಾಲು, ಹಣ್ಣು ವಾರಕ್ಕೊಮ್ಮೆಯಾದರೂ ಕೆಡದೆ ತಲುಪಿಸುವುದು. ಅದಕ್ಕೆ ಬೇಕಿರುವುದು ದೊಡ್ಡ ಜಾಹೀರಾತಲ್ಲ, ಸಣ್ಣ ಶೀತಲ ದೋಣಿಗಳು, ಎರಡು ಮೂರು ಹವಳವೃತ್ತಗಳಿಗೊಂದು ಶೀತಲ ಗೋದಾಮು, ಮತ್ತು ಉತ್ತರದ ಬಂದರುಗಳಿಗೆ ನಿಯಮಿತವಾಗಿ ಬರುವ ಹಡಗು. ಮೀನು ಸಂಸ್ಕರಣೆ, ಐಸ್ ಪ್ಲಾಂಟು, ಸರಕು ದೋಣಿಯ ಕೆಲಸ ಬಲ್ಲ ಮಂಗಳೂರು, ಮಲ್ಪೆ, ಕಾರವಾರದವರು ಇಲ್ಲಿ ಕೈ ಹಾಕಬಹುದು. ಆದರೆ ಮಾಲು ಕಳಿಸುವ ಮುಂಚೆ ಕೊಳ್ಳುವವರ ಹತ್ತಿರ ಒಂದು ಪ್ರಶ್ನೆ ಕೇಳಿಕೊಳ್ಳಿ: ಡಾಲರ್ ಯಾವ ಬ್ಯಾಂಕಿನಿಂದ, ಎಷ್ಟು ದಿನದೊಳಗೆ ಬರುತ್ತದೆ? ಅದಕ್ಕೆ ಸರಿಯಾದ ಉತ್ತರ ಸಿಗುವವರೆಗೆ ಕಂಟೇನರ್ ಬುಕ್ ಮಾಡಬೇಡಿ.